ಟವೆಲ್ ಕೆಳಗೆ ಹೋದ ಕಾರು

ವ್ಯಾಪಾರ ನನ್ನ ರಕ್ತದಲ್ಲೇ ಇದೆ. ನಮ್ಮ ತಾತ ಕೊಬ್ಬರಿ ವ್ಯಾಪಾರಿ. ನಮ್ಮಪ್ಪ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವವರು. ನಾನು ಹೊನ್ನವಳ್ಳಿಯಲ್ಲಿ ಪೈಪು, ವಾಲ್ವು, ಬೋರ್‌ವೆಲ್ ಮೋಟಾರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದೇನೆ. ಇಂಥ ವಂಶದಲ್ಲಿ ಹುಟ್ಟಿದ ಮಂಜನಿಗೆ, ಅಂದರೆ ನನಗೆ, ಒಂದು ಕಾರು ಕೊಟ್ಟು ಇನ್ನೊಂದು ಕಾರು ತರುವುದು ಯಾವ ಮಹಾ ಕೆಲಸ? ಹಾಗಂತ ನಾನು ಅಂದುಕೊಂಡಿದ್ದೆ. ಅಂದುಕೊಳ್ಳುವುದಕ್ಕೆ ಖರ್ಚಿಲ್ಲವಲ್ಲ!

ನಮ್ಮ ಮನೆಯಲ್ಲೊಂದು ಬಿಳಿ ಕಾರಿದೆ. ಮದುವೆಯಾದ ಮರುವರ್ಷ ಬ್ಯಾಂಕಿನಲ್ಲಿ ಸಾಲ ಮಾಡಿ ತಂದದ್ದು. ಹೆಸರಿಗೆ ಅದು ನನ್ನ ಕಾರು. ಓಡಿಸುವುದು ನನ್ನ ಹೆಂಡತಿ ಸುಧಾ. ಅವಳು ಅರಳಗುಪ್ಪೆ ಕಡೆಯ ಒಂದು ಶಾಲೆಯಲ್ಲಿ ಟೀಚರು. ನಮ್ಮೂರಿಂದ ಅಲ್ಲಿಗೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ. ತಿಪಟೂರಿಗೆ ಹೋಗಿ, ಬಸ್ಸು ಬದಲಾಯಿಸಿ, ಇಳಿದು, ನಡೆದು ಶಾಲೆ ಸೇರುವಷ್ಟರಲ್ಲಿ ಮೊದಲನೇ ಪೀರಿಯಡ್ಡು ಮುಗಿದಿರುತ್ತಿತ್ತು. ಅದಕ್ಕೇ ಹಟ ಹಿಡಿದು ಡ್ರೈವಿಂಗ್ ಕಲಿತಳು. ಕಲಿಯುವಾಗ ಒಂದು ದಿನ ನಮ್ಮ ತೋಟದ ತೆಂಗಿನ ಮರಕ್ಕೇ ಕಾರು ತಾಗಿಸಿದಳು. ಮೇಲಿಂದ ಒಂದು ಕಾಯಿ ಬಾನೆಟ್ಟಿನ ಮೇಲೆ ಬಿತ್ತು. ಅಪ್ಪ ಓಡಿ ಬಂದು ಮೊದಲು ನೋಡಿದ್ದು ಕಾಯಿ ಒಡೆದಿದೆಯಾ ಅಂತ!

ಈಗ ಆ ಕಾರು ಅವಳ ಕೈಯಲ್ಲಿ ಸಾಕಿದ ಕರುವಿನ ಹಾಗೆ ಹೇಳಿದಂತೆ ಕೇಳುತ್ತದೆ. ತೊಂದರೆ ಇದ್ದದ್ದು ನನಗೆ. ಪ್ರತಿ ತಿಂಗಳೂ ಬ್ಯಾಂಕಿನವರು ಕಂತಿನ ಮೆಸೇಜು ಕಳಿಸುತ್ತಿದ್ದರು. ಕಟ್ಟುವುದಕ್ಕೇನೂ ಕಷ್ಟವಿರಲಿಲ್ಲ, ಇಬ್ಬರ ದುಡಿಮೆಯಲ್ಲಿ ನಡೆಯುತ್ತಿತ್ತು. ಆದರೆ ಫೋನು ಟಣ್ ಎಂದಾಗಲೆಲ್ಲ ನನ್ನ ಎದೆ ಡಬ್ ಎನ್ನುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದೆ ಫೋನು ನೋಡುತ್ತಾ ಕೂತಿದ್ದೆ. ಒಂದು ವೀಡಿಯೊದಲ್ಲಿ ಟೈ ಕಟ್ಟಿದ ಮಹಾನುಭಾವನೊಬ್ಬ ಪ್ರತ್ಯಕ್ಷನಾಗಿ, ಸಾಲದ ಹೊಸ ಕಾರಿಗಿಂತ ಸಾಲವಿಲ್ಲದ ಹಳೇ ಕಾರೇ ಜಾಣರ ಲಕ್ಷಣ ಎಂದು ಬೋಧಿಸಿದ. ಅಲ್ಲೇ, ಪಿವಿಸಿ ಪೈಪುಗಳ ನಡುವೆ, ನನಗೆ ಜ್ಞಾನೋದಯವಾಯಿತು!

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ.

“ಸುಧಾ, ಈ ಕಾರು ಕೊಟ್ಟು ಒಂದು ಹಳೇ ಕಾರು ತರೋಣ ಕಣೇ. ಕಂತೇ ಇರಲ್ಲ.”

“ಟೈರಿರ್ತಾವಾ?”

“ಟೈರೂ ಇರ್ತಾವೆ, ನೆಮ್ಮದೀನೂ ಇರುತ್ತೆ.”

“ನೋಡ್ರೀ, ನಂಗೆ ಬೆಳಿಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ಬೇಕು. ಬೆಲ್ ಹೊಡೆಯೋ ಮುಂಚೆ ಸ್ಕೂಲಲ್ಲಿರ್ಬೇಕು. ಅಷ್ಟು ಮಾಡೋ ಕಾರು ಮನೆ ಮುಂದೇನೇ ನಿಂತೈತೆ. ಅದ್ರ ತಂಟೆಗೆ ಹೋಗ್ಬೇಡಿ.”

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಆದರೆ ಹೆಂಡತಿಗೆ ವ್ಯವಹಾರ ತಿಳಿಯದು, ತಂದು ನಿಲ್ಲಿಸಿದರೆ ತಾನೇ ಖುಷಿಪಡುತ್ತಾಳೆ ಎಂದು ನಾನು ತೀರ್ಮಾನಿಸಿದೆ. ದಸರಾ ರಜೆಗೆ ಅವಳ ತಮ್ಮ ಬಂದು ಅವಳನ್ನು ಚಿಕ್ಕನಾಯಕನಹಳ್ಳಿಯ ತವರಿಗೆ ಕರೆದುಕೊಂಡು ಹೋದ. ಕಾರು ಮನೆಯಲ್ಲೇ ಉಳಿಯಿತು. ಅದರ ಜೊತೆ ನಾನೂ ಉಳಿದೆ. ಅನಾಹುತಕ್ಕೆ ಇನ್ನೇನು ಬೇಕು!

ಮಾಯಸಂದ್ರದ ಹತ್ತಿರ ರುದ್ರಣ್ಣ ಅಂತ ಒಬ್ಬ ದಲ್ಲಾಳಿ ಇದ್ದಾರೆ. ಮೊದಲು ಎತ್ತಿನ ದಲ್ಲಾಳಿ. ಮನೆಮನೆಗೂ ಟ್ರ್ಯಾಕ್ಟರು ಬಂದು ಎತ್ತು ಕೊಳ್ಳುವವರು ಕಡಿಮೆಯಾದ ಮೇಲೆ ಹಳೇ ಕಾರುಗಳಿಗೆ ಇಳಿದರು. ಮಾಲು ಬದಲಾಯಿತೇ ಹೊರತು ಪದ್ಧತಿ ಬದಲಾಗಲಿಲ್ಲ. ನಾನು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಾಗ, ಅವರು ಒಂದು ಸುತ್ತು ಬಂದು, ಅದರ ಬೆನ್ನಿನ ಮೇಲೆ ಎರಡು ತಟ್ಟಿ, ಹಲ್ಲು ನೋಡುವವರ ಹಾಗೆ ಬಾನೆಟ್ ಎತ್ತಿ ಒಳಗೆ ಬಗ್ಗಿದರು.

“ಮೇವು ಹೆಂಗೆ ತಿಂತದೆ?”

“ಪೆಟ್ರೋಲ್ ಕಮ್ಮೀನೇ ಕುಡಿಯುತ್ತೆ ರುದ್ರಣ್ಣ.”

“ಒದೆಯೋದು, ಹಾಯೋದು ಏನಾರ?”

“ಇಲ್ಲ. ನನ್ನೆಂಡ್ತಿ ಒಂದ್ಸಲ ತೆಂಗಿನ ಮರಕ್ಕೆ ಹಾಯ್ಸಿದ್ಲು. ಕಾರಿನ ತಪ್ಪಿರ್ಲಿಲ್ಲ.”

ಆಮೇಲೆ ಅವರ ಕಾರು ತೋರಿಸಿದರು. ಅದು ಹುಟ್ಟುವಾಗ ಹಸಿರಿತ್ತಂತೆ. ನಾನು ನೋಡುವಾಗ ಒಣಗಿದ ತೆಂಗಿನ ಗರಿಯ ಬಣ್ಣಕ್ಕೆ ತಿರುಗಿತ್ತು. ಅದು ಓಡಿದ ದೂರವನ್ನು ತೋರಿಸುವ ಮೀಟರು ಎಣಿಸಲಾರದೆ ಎಂದೋ ನಿಂತುಹೋಗಿತ್ತು. ಸ್ಟಾರ್ಟ್ ಮಾಡಿದಾಗ ಒಳಗಿಂದ ಗಡಗಡ, ಲೊಡಲೊಡ ಎಂದು ಸದ್ದು ಬಂತು. ಬೇರೆ ಊರಿನವನಾಗಿದ್ದರೆ ಅಲ್ಲಿಂದಲೇ ಓಡಿಹೋಗುತ್ತಿದ್ದ. ಆದರೆ ನಾನು ತೆಂಗಿನ ಸೀಮೆಯವನು! ನಮ್ಮಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಆಮೇಲೆ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಡಗಡ ಅಂದರೆ ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆ, ಒಳ್ಳೇ ಮಾಲು ಎಂದರ್ಥ. ಹುಟ್ಟಿದಾಗಿನಿಂದ ಆ ಸದ್ದಿಗೆ ಸಂತೋಷಪಡುವುದನ್ನೇ ಕಲಿತವನು ನಾನು. ಕಾರು ಗಡಗಡ ಎಂದಾಗ ನನ್ನ ಮುಖ ತಾನಾಗಿಯೇ ಅರಳಿತು.

“ಚೆನ್ನಾಗಿ ಬಲ್ತದೆ,” ಎಂದೆ.

ರುದ್ರಣ್ಣ ನನ್ನನ್ನು ಒಂದು ಥರ ನೋಡಿದರು. “ಬಲ್ತದೆ ಕಣಪ್ಪ. ಇನ್ನು ಬಲಿಯಾಕೆ ಜಾಗಾನೇ ಇಲ್ಲ,” ಎಂದು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಸಿಕೊಂಡರು. “ಬಾ, ಕೈ ಕೊಡು.”

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಇಬ್ಬರೂ ಟವೆಲ್ಲಿನ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಒಪ್ಪದಿದ್ದರೆ ಬೇರೆ ಬೆರಳು ಹಿಡಿಯಬೇಕು. ಒಪ್ಪಿದರೆ ಅಂಗೈ ಒತ್ತಬೇಕು. ಒತ್ತಿದರೆ ಮುಗಿಯಿತು, ವ್ಯಾಪಾರ ಆದಂತೆ. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ!

ಟವೆಲ್ಲಿನ ಕೆಳಗೆ ರುದ್ರಣ್ಣನ ಕೈ ನನ್ನ ಕೈಗೆ ತಾಗಿತು. ಹಿರಿಯರು. ಕೈ ಕೊಟ್ಟಿದ್ದಾರೆ. ಸುಮ್ಮನಿದ್ದರೆ ಏನೆಂದುಕೊಂಡಾರು? ಗೌರವದಿಂದ ಅವರ ಅಂಗೈ ಒತ್ತಿದೆ. ಅವರು ಬೆಚ್ಚಿ ನನ್ನ ಮುಖ ನೋಡಿದರು. ಗೌರವ ಸಾಲಲಿಲ್ಲವೇನೋ ಎಂದು ಇನ್ನೊಂದು ಸಲ ಒತ್ತಿದೆ.

“ಆಯ್ತು ಬುಡು!” ಎಂದು ಟವೆಲ್ ಕೊಡವಿದರು ರುದ್ರಣ್ಣ. “ಎಂಥ ವ್ಯಾಪಾರಸ್ಥ ಕಣಪ್ಪ ನೀನು! ಪೇಪರ್ ಕೆಲ್ಸ ನಿಧಾನಕ್ಕೆ ಮಾಡ್ಕಳನ. ಅಮ್ಮಣ್ಣಿ, ಕಾಫಿ ತಗಂಬಾ!” ಎಂದು ಒಳಗಿದ್ದ ಹೆಂಡತಿಗೆ ಕೂಗಿದರು.

ಕಾಫಿ ಕುಡಿಯುತ್ತಾ ಮೆಲ್ಲಗೆ ಯೋಚನೆ ಶುರುವಾಯಿತು. ಎಷ್ಟಕ್ಕೆ ಆಯಿತು? ಯಾರು ಯಾರಿಗೆ ಕೊಡಬೇಕು? ಕೇಳಿದರೆ ಮರ್ಯಾದೆ ಹೋಗುತ್ತದೆ. ‘ಎಂಥ ವ್ಯಾಪಾರಸ್ಥ’ ಎಂದು ಈಗಷ್ಟೇ ಬಿರುದು ಬಂದಿದೆ. ಸುಮ್ಮನೆ ಗಂಭೀರವಾಗಿ ಮೀಸೆ ಒರೆಸಿಕೊಂಡು, ಬಿಳಿ ಕಾರಿನ ಕೀ ಕೊಟ್ಟು, ಗರಿ ಬಣ್ಣದ ಕಾರಿನ ಕೀ ಈಸಿಕೊಂಡೆ. ಸ್ವಂತ ಕಾರನ್ನು ಎಷ್ಟಕ್ಕೆ ಮಾರಿದೆನೆಂದು ತಿಳಿಯದೆ ಮಾರಿದವನು ತುಮಕೂರು ಜಿಲ್ಲೆಯಲ್ಲೇ ನಾನೊಬ್ಬ!

ಮನೆ ಕಡೆ ಹೊರಟೆ. ತುರುವೇಕೆರೆ ಬರುವಷ್ಟರಲ್ಲಿ ಕಾರಿನ ಗುಣಗಳು ಒಂದೊಂದಾಗಿ ಪ್ರಕಟವಾದವು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಾರ್ನು ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಬಲಕ್ಕೆ ತಿರುಗಿಸಿದರೆ ಮೌನ. ಹಾರ್ನ್ ಬಟನ್ ಒತ್ತಿದರೆ ವೈಪರ್ ಆಡುತ್ತಿತ್ತು. ಒಂದು ಹಂಪ್ ಹತ್ತಿಳಿದಾಗ ಡ್ಯಾಶ್‌ಬೋರ್ಡಿನ ಡಬ್ಬಿ ಬಾಯಿ ಬಿಟ್ಟು, ಹಳೆಯ ಆಯುಧಪೂಜೆಗಳ ನಿಂಬೆಹಣ್ಣುಗಳೆಲ್ಲ ಗೋಲಿಯ ಹಾಗೆ ಒಣಗಿ ನನ್ನ ಕಾಲ ಬಳಿ ಉರುಳಾಡಿದವು. ನಾನು ಮೆಚ್ಚಿದ ಬಲಿತ ಸದ್ದಿನ ಅರ್ಧ ಅವುಗಳದ್ದೇ! ಸಣ್ಣ ಏರಿನಲ್ಲಿ ಎಂಜಿನ್ ನಿಂತುಹೋಯಿತು. ಬಸ್ಸು ಕಾಯುತ್ತಿದ್ದ ಕಾಲೇಜು ಹುಡುಗರು ಬಂದು ತಳ್ಳಿದರು. ಇಳಿದು ಕೃತಜ್ಞತೆ ಹೇಳೋಣವೆಂದರೆ ಬಾಗಿಲು ಒಳಗಿನಿಂದ ತೆಗೆಯುವಂತಿರಲಿಲ್ಲ.

ಮನೆ ಮುಂದೆ ಅಪ್ಪ ಕಾಯಿ ಸುಲಿಯುತ್ತಾ ಕೂತಿದ್ದರು.

“ಇದ್ಯಾರ್ದ್ಲಾ ಗಾಡಿ?”

“ನಮ್ದೇ ಕಣಪ್ಪ.”

“ನಮ್ದು ಎಲ್ಲೋಯ್ತು?”

“ಅದು ಈಗ ನಮ್ದಲ್ಲ.”

ಅಪ್ಪ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. “ಎಷ್ಟಕ್ಕೆ ಕುದುರಿಸ್ದೆ?”

“ಬಾಯಲ್ಲಿ ಹೇಳಂಗಿಲ್ಲ. ಟವೆಲ್ ವ್ಯಾಪಾರ.”

ಅಪ್ಪನ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಮಿಂಚಿತು. “ಪರ್ವಾಗಿಲ್ವಲ್ಲೋ! ಯಾವ್ ಬೆರಳು ಹಿಡ್ದ?” ಎಂದು ತಮ್ಮ ಟವೆಲ್ ಹಾಸಿ ಕೈ ಚಾಚಿದರು. ನಾನು ನೆನಪಿದ್ದಂತೆ ಹಿಡಿದು ತೋರಿಸಿದೆ. ಅಪ್ಪ ಲೆಕ್ಕ ಹಾಕಿದರು. ಆ ಪ್ರಕಾರ ನಾನು ಭಾರೀ ಶ್ರೀಮಂತನಾಗಿದ್ದೆ. “ಅಲ್ಲ ಅಲ್ಲ, ಹಿಂಗಿರ್ಬೇಕು” ಎಂದು ಮತ್ತೆ ಹಿಡಿದೆ. ಆ ಪ್ರಕಾರ ನಮ್ಮ ಅರ್ಧ ತೋಟ ಹೋಗಿತ್ತು. ಇನ್ನೊಂದು ಸಲ ನೆನಪಿಸಿಕೊಳ್ಳುತ್ತೇನೆ ಎಂದಾಗ ಅಪ್ಪ ಟವೆಲ್ ಕಿತ್ತುಕೊಂಡು ಮುಖ ಒರೆಸಿಕೊಂಡರು.

“ಅಂಗೈ ಒತ್ತಿದ್ಯಾ?”

“ಒತ್ತಿದೆ. ಎರಡು ಸಲ.”

“ಎರಡು ಸಲಾನಾ!”

“ಗೌರವಕ್ಕೆ!”

“ಹಾಳಾಗೋಯ್ತು ಬುಡು. ಒತ್ತಿದ ಮ್ಯಾಲೆ ವಾಪಸ್ ಕೇಳಂಗಿಲ್ಲ ಕಣ್ಲಾ. ಕೇಳಿದ್ರೆ ಇನ್ನು ಯಾವ ಮಾರ್ಕೆಟ್ಟಲ್ಲೂ ನಮ್ಮನೆ ಮಾತು ನಡಿಯಲ್ಲ.”

ಭಾನುವಾರ ಸುಧಾ ಬಸ್ಸಿನಲ್ಲಿ ತಿಪಟೂರಿಗೆ ಬಂದಳು. ನಾನು ಬಸ್ ಸ್ಟ್ಯಾಂಡಿನ ಹೊರಗೆ ಕಾರು ನಿಲ್ಲಿಸಿ ಕೈ ಬೀಸಿದೆ. ಅವಳು ನನ್ನ ಹಿಂದೆ ಮುಂದೆಲ್ಲ ಬಿಳಿ ಕಾರನ್ನು ಹುಡುಕಿದಳು.

“ಇದ್ಯಾರ ಕಾರ್ರೀ? ನಮ್ದು ಸರ್ವೀಸಿಗೆ ಬಿಟ್ಟಿದ್ದೀರಾ?”

“ಹೂಂ… ಒಂಥರಾ.”

“ಎಲ್ಲಿ?”

“ಮಾಯಸಂದ್ರದ ಹತ್ರ.”

“ಅಲ್ಲೆಲ್ಲೈತೆ ಸರ್ವೀಸ್ ಸೆಂಟ್ರು?”

ನಾನು ವೈಪರ್ ಕಡೆ ನೋಡಿದೆ. ಹೋಂವರ್ಕ್ ಮಾಡದವರ ಮುಖ ಟೀಚರುಗಳಿಗೆ ಗೊತ್ತಾಗುತ್ತದೆ. ಎಲ್ಲ ಹೇಳಬೇಕಾಯಿತು. ರುದ್ರಣ್ಣ, ಟವೆಲ್ಲು, ಗೌರವ. ಅವಳು ಕಾರು ಹತ್ತಿ ಕೂತು ಪೂರ್ತಿ ಕೇಳಿಸಿಕೊಂಡಳು.

“ಸರಿ. ಬ್ಯಾಂಕಿನ ಸಾಲ?”

“ಅದು ಕಾರಿನ ಹಿಂದೇನೇ ಹೋಗುತ್ತೆ ಕಣೇ. ಹಸು ಕೊಟ್ರೆ ಕರೂನೂ ಹಿಂದೆ ಹೋಗಲ್ವಾ, ಹಂಗೆ.”

“ಅದು ಕರು ಅಲ್ಲ ಕಣ್ರೀ! ಸಾಲ ನಿಮ್ಮ ಹೆಸ್ರಲ್ಲೈತೆ! ಕಾರು ಓಡ್ಸೋರು ಅವ್ರು, ಕಂತು ಕಟ್ಟೋರು ನಾವು. ಸಾಲ ತೀರೋವರ್ಗೂ ಬ್ಯಾಂಕ್ನೋರು ಒಪ್ಪದೆ ಅದನ್ನ ಯಾರ್ಗೂ ಬರ್ಕೊಡಂಗೂ ಇಲ್ಲ!”

ಕಂತು ಬೇಡವೆಂದು ಕಾರು ಕೊಟ್ಟಿದ್ದೆ. ಕಾರು ಹೋಗಿ ಕಂತು ಉಳಿದಿತ್ತು! ಟೈ ಕಟ್ಟಿದ ಮಹಾನುಭಾವ ಈ ವಿಷಯ ಹೇಳಿಯೂ ಇರಬಹುದು. ಅಷ್ಟರಲ್ಲಿ ಯಾರೋ ಗೇಟ್ ವಾಲ್ವ್ ಕೇಳಿಕೊಂಡು ಅಂಗಡಿಗೆ ಬಂದಿದ್ದರಿಂದ ವೀಡಿಯೊ ಅರ್ಧಕ್ಕೇ ನಿಲ್ಲಿಸಿದ್ದೆ.

ಸುಧಾ ಕಿರುಚುತ್ತಾಳೆ ಎಂದು ಕಾದೆ. ಕಿರುಚಲಿಲ್ಲ. ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು, “ನಾಳೆ ನಾನು ಸ್ಕೂಲಿಗೆ ಹೆಂಗೆ ಹೋಗ್ಲಿ?” ಎಂದಳು, ಮೆಲ್ಲಗೆ. “ನಾನೇ ಬಿಟ್ಟು ಬರ್ತೀನಿ ಕಣೇ,” ಎಂದೆ.

ಸೋಮವಾರ ಬೆಳಿಗ್ಗೆ ನಾನೇ ಕರೆದುಕೊಂಡು ಹೊರಟೆ. ಕಾರು ಅರ್ಧ ದಾರಿಯಲ್ಲಿ ಒಂದು ತೋಟದ ಪಕ್ಕ ನಿಂತಿತು. ಈ ಸಲ ತಳ್ಳಿದರೂ ಏಳಲಿಲ್ಲ. ಅಷ್ಟರಲ್ಲಿ ತೆಂಗಿನ ಸಿಪ್ಪೆ ತುಂಬಿದ ಗೂಡ್ಸ್ ಆಟೋ ಬಂತು. ಡ್ರೈವರ್ ಪಕ್ಕದ ಜಾಗದಲ್ಲೂ ಸಿಪ್ಪೆಯೇ. ಸುಧಾ ನನ್ನ ಕಡೆ ತಿರುಗಿಯೂ ನೋಡದೆ ಸಿಪ್ಪೆಯ ಮೇಲೇ ಹತ್ತಿ ಕೂತಳು. ಅವಳು ಶಾಲೆ ಮುಟ್ಟಿದಾಗ ಪ್ರಾರ್ಥನೆ ನಡೆಯುತ್ತಿತ್ತಂತೆ. ತಲೆಯಿಂದ ಕಾಲಿನವರೆಗೆ ನಾರು ಮೆತ್ತಿಕೊಂಡ ಟೀಚರನ್ನು ಕಂಡು ಮಕ್ಕಳು ಹಾಡುವುದನ್ನು ಅರ್ಧಕ್ಕೆ ನಿಲ್ಲಿಸಿದರಂತೆ.

ಸಂಜೆ ಬಂದವಳೇ ತೀರ್ಪು ಓದಿದಳು. “ನಾಳೆ ರಜಾ ಹಾಕಿದ್ದೀನಿ. ನಾಳೆ ನನ್ನ ಕಾರು ಬರ್ಬೇಕು. ಇಲ್ಲಾಂದ್ರೆ ಅದೇ ಗೂಡ್ಸ್ ಆಟೋದಲ್ಲಿ ನಾನು ಚಿಕ್ಕನಾಯಕನಹಳ್ಳಿಗೆ.”

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಟ್ಟದ ಕಡೆ ನೋಡಿದರು. “ಒಂದೇ ದಾರಿ ಇರೋದು. ಸುಳಿ,” ಎಂದರು.

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಕೆಟ್ಟ ಜಾಗದಲ್ಲಿ ಸುಳಿಯಿದ್ದರೆ ಮನೆಗೆ ಆಗಿಬರುವುದಿಲ್ಲವೆಂದು ನಂಬಿಕೆ. ವ್ಯಾಪಾರವಾದ ಮೇಲೂ ಕೆಟ್ಟ ಸುಳಿ ಕಂಡರೆ ಎತ್ತನ್ನು ಹಿಂದಕ್ಕೆ ಹೊಡೆದುಕೊಂಡು ಹೋಗಬಹುದು, ಯಾರ ಮಾತಿಗೂ ಭಂಗವಿಲ್ಲ. ತಕ್ಷಣ ಟಾರ್ಚು ಹಿಡಿದು ಕಾರಿನ ಸುತ್ತ ಮಂಡಿಯೂರಿ ಹುಡುಕಿದೆ. ಹಿಂದಿನ ಚಕ್ರದ ಮೇಲೆ ತುಕ್ಕು ಗುಂಡಗೆ ಸುತ್ತಿಕೊಂಡು ಸಾಕ್ಷಾತ್ ಸುಳಿಯ ಹಾಗೇ ಇತ್ತು. ಆ ತುಕ್ಕಿಗೆ ನಮಸ್ಕಾರ ಮಾಡಿದೆ!

ಮಂಗಳವಾರ ಮೆಕ್ಯಾನಿಕ್ಕನ ಕೈಯಲ್ಲಿ ಕಾರಿಗೆ ಜೀವ ಬರಿಸಿ, ಮೂವರೂ ಮಾಯಸಂದ್ರದ ದಾರಿ ಹಿಡಿದೆವು. ಎಡಕ್ಕೆ ತಿರುಗುವಲ್ಲೆಲ್ಲ ಮೆರವಣಿಗೆಯ ಹಾಗೆ ಹಾರ್ನ್ ಮಾಡುತ್ತಾ ರುದ್ರಣ್ಣನ ಅಂಗಳ ಸೇರಿದೆವು. ನಮ್ಮ ಬಿಳಿ ಕಾರು ಹೊಂಗೆ ಮರದ ಕೆಳಗಿತ್ತು. ರುದ್ರಣ್ಣ ಅದರಿಂದ ಸಾಕಷ್ಟು ದೂರದಲ್ಲಿ, ಒದೆಯುವ ಹೋರಿಗೆ ಹೆದರಿದವರ ಹಾಗೆ ಕೂತಿದ್ದರು.

“ಬಾರಪ್ಪ. ಹೆಂಗೈತೆ ಗಾಡಿ?”

“ಬಂಗಾರ ರುದ್ರಣ್ಣ! ನಮ್ದು ಹೆಂಗೈತೆ?”

“ಮುತ್ತು ಕಣಪ್ಪ, ಮುತ್ತು.”

ಇಬ್ಬರೂ ಬೆವರು ಒರೆಸಿಕೊಂಡೆವು. ಸುಧಾ ನನ್ನ ಬೆನ್ನಿಗೆ ತಿವಿದಳು. ನಾನು ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. “ಹಿರಿಯರಾದ ತಾವು ಅನ್ಯಥಾ ಭಾವಿಸಬಾರದು. ವ್ಯಾಪಾರ ಅಂದ್ಮೇಲೆ ಶಾಸ್ತ್ರ ನೋಡ್ಬೇಕು. ನಿಮ್ಮ ಗಾಡೀಲಿ ಸುಳಿ…”

“ಸುಳಿ ಐತಾ? ಸದ್ಯ!” ಎಂದು ರುದ್ರಣ್ಣ ನೆಗೆದು ನಿಂತರು. “ಅಂದ್ರೆ… ಅಯ್ಯಯ್ಯೋ! ದೋಷದ ಗಾಡಿ ನಿಮ್ಗ್ಯಾಕೆ? ತಗಳಪ್ಪ ನಿನ್ ಕೀಲಿ!” ಸೊಂಟದಿಂದ ಕೀ ತೆಗೆದು ನನ್ನ ಕೈಗೆ ಹಾಕಿಯೇಬಿಟ್ಟರು. ಸುಳಿ ಎಲ್ಲಿದೆ ಅಂತಲೂ ಕೇಳಲಿಲ್ಲ. ಮಂಡಿ ತರಚಿಕೊಂಡು ಹುಡುಕಿದ ನನ್ನ ಶ್ರಮವೆಲ್ಲ ವ್ಯರ್ಥ!

“ಏನಾಯ್ತು ರುದ್ರಣ್ಣೋರೆ? ಕಾರು ಚೆನ್ನಾಗಿರ್ಲಿಲ್ವಾ?” ಎಂದಳು ಸುಧಾ.

“ಅದು ಗಾಡಿ ಅಲ್ಲ ಕಣವ್ವ, ಹೆಡ್ಮಾಸ್ಟ್ರು! ಬೆಲ್ಟ್ ಹಾಕು ಅಂತದೆ, ಬಾಗ್ಲು ಮುಚ್ಚು ಅಂತದೆ, ಹಿಂದಕ್ಕೆ ಬುಟ್ರೆ ಬಾಯ್ ಬಾಯ್ ಬಡ್ಕಂತದೆ. ಮುಂದಿನ ಸೀಟಲ್ಲಿ ಕೊಬ್ರಿ ಚೀಲ ಇಟ್ರೆ ಚೀಲಕ್ಕೂ ಬೆಲ್ಟ್ ಹಾಕು ಅಂತ ಕುಂಯ್‌ಗುಟ್ತು. ಹಾಕ್ದೆ. ತುರುವೇಕೆರೆ ರೋಡಲ್ಲಿ ಕಂಡೋರೆಲ್ಲ, ರುದ್ರಣ್ಣ ಯಾರನ್ನೋ ಕಟ್ಟಾಕಂಡು ಹೋಯ್ತಾವ್ನೆ ಅಂತ ನಗಾಡಿದ್ರು. ನಮ್ಮನೆಯೋಳು ಹತ್ತಾಕೇ ಒಲ್ಲೆ ಅಂತಾಳೆ. ವಾಪಸ್ ಕೊಡಾಣ ಅಂದ್ರೆ ಕೈ ಒತ್ತಿದ ವ್ಯಾಪಾರ, ನನ್ನ ಬಾಯಿಂದ ಹೆಂಗೆ ಹೇಳ್ಲಿ?”

“ಅದ್ರ ಮೇಲೆ ಬ್ಯಾಂಕ್ ಸಾಲಾನೂ ಐತೆ,” ಎಂದಳು ಸುಧಾ.

ರುದ್ರಣ್ಣ ಇನ್ನೂ ನಾಲ್ಕು ಹೆಜ್ಜೆ ದೂರ ಸರಿದರು.

ಕೀ ಕೈಯಲ್ಲಿದೆ ಎಂಬ ಧೈರ್ಯದಲ್ಲಿ ನಾನು ಮೆಲ್ಲಗೆ ಕೇಳಿದೆ. “ರುದ್ರಣ್ಣ, ಹೋಗ್ಲಿ ಬುಡಿ, ಈಗ ಮುಗಿದ ಕಥೆ. ಆವತ್ತು ಟವೆಲ್ ಕೆಳಗೆ ನೀವು ಎಷ್ಟು ಹೇಳಿದ್ರಿ?”

“ನಾನೆಲ್ಲಿ ಹೇಳ್ದೆ? ಟವೆಲ್ ಜಾರ್ತಿತ್ತು, ಸರಿ ಮಾಡ್ಕಂತಿದ್ದೆ. ಬೆರಳು ಹಿಡಿಯಾಕೆ ಮುಂಚೆನೇ ನೀನು ಅಂಗೈ ಒತ್ತಿಬುಟ್ಟೆ. ಅದೂ ಎರಡು ಸಲ! ಗಾಡಿಗೆ ಗಾಡಿ, ಮ್ಯಾಲೆ ಏನೂ ಬ್ಯಾಡ ಅಂತಾವ್ನೆ, ದೊಡ್ಡ ಮನ್ಸಿನ ಹುಡ್ಗ ಅಂದ್ಕಂಡು ಸುಮ್ನಾದೆ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಸುಧಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಾಳೇನೋ ಎಂದು ಹೆದರಿದೆ. ಅವಳು ನಗುತ್ತಿದ್ದಳು! ಹೊಂಗೆ ಮರಕ್ಕೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಎಷ್ಟು ಬೇಕಾದರೂ ನಗಲಿ. ನನ್ನ ಜನ್ಮದಲ್ಲಿ ಅಷ್ಟು ನಿರಾಳವಾದ ಗಳಿಗೆ ಇನ್ನೊಂದಿರಲಿಲ್ಲ.

ಗರಿ ಬಣ್ಣದ ಕಾರಿನ ಕೀ ರುದ್ರಣ್ಣನಿಗೆ ಕೊಟ್ಟೆ. ಬಿಳಿ ಕಾರಿನ ಕೀ ನನ್ನ ಕೈಯಿಂದ ಸುಧಾಳ ಕೈಗೆ ಹೋಯಿತು. ಯಾವಾಗ ಹೋಯಿತೆಂದು ಗೊತ್ತಾಗಲೇ ಇಲ್ಲ. ಅಪ್ಪ ಹಿಂದೆ ಕೂತರು, ನಾನು ಅವಳ ಪಕ್ಕ. ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ, ಕೀ ತಿರುಗಿಸಿದಳು. ಸದ್ದೇ ಇಲ್ಲದೆ ಸ್ಟಾರ್ಟ್ ಆಯಿತು. ಗಡಗಡ ಎನ್ನದ ವಸ್ತುವೂ ಒಳ್ಳೇದಿರಬಹುದೆಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ರುದ್ರಣ್ಣ ನನ್ನ ಕಿಟಕಿಯ ಹತ್ತಿರ ಬಂದು, “ಬರ್ತಾ ಇರಪ್ಪ” ಎಂದು ಪ್ರೀತಿಯಿಂದ ಕೈ ಚಾಚಿದರು. ನಾನೂ ಚಾಚಲು ಹೋದ ಆ ಕ್ಷಣ—

“ರೀ! ಕೈ ಒಳಗೆ!” ಎಂದು ಸುಧಾ ಗುಡುಗಿ, ತನ್ನ ಕಡೆಯ ಬಟನ್ ಒತ್ತಿ ನನ್ನ ಕಿಟಕಿಯ ಗಾಜು ಏರಿಸಿಯೇಬಿಟ್ಟಳು.

ಗಾಜಿನ ಒಳಗಿನಿಂದಲೇ ರುದ್ರಣ್ಣನಿಗೆ ನಮಸ್ಕಾರ ಮಾಡಿದೆ. ಆಮೇಲೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ. ಹೊನ್ನವಳ್ಳಿ ಬರುವವರೆಗೂ ತೆಗೆಯಲಿಲ್ಲ. ದಾರಿಯಲ್ಲಿ ಯಾರ ಮೇಲೆ ಗೌರವ ಉಕ್ಕಿಬಿಡುತ್ತದೋ, ಯಾರಿಗೆ ಗೊತ್ತು!